ಮೋಟಾರಿನ ಮೂಗು, ಮೈಲೇಜಿನ ಮೋಹ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗ ಗೃಹಸ್ಥನಿಗೆ ಸ್ವಂತ ಕಾರೆಂಬುದು ಕಚೇರಿಗೆ ಹೋಗುವ ವಾಹನವೆನ್ನುವುದಕ್ಕಿಂತ ಊರಿಗೆ ಹೋಗುವ ವಾಹನವೆಂದರೆ ಹೆಚ್ಚು ಸರಿಯಾದೀತು. ಕಚೇರಿಗೆ ಲೋಕಲ್ ಗಾಡಿ ಇದೆ, ಮೆಟ್ರೋ ಇದೆ, ಬಸ್ಸಿದೆ. ಆದರೆ ಮೇ ತಿಂಗಳ ರಜೆಯಲ್ಲಿ ಹೆಂಡತಿ-ಮಕ್ಕಳು, ಹಾಸಿಗೆ-ಹೊದಿಕೆ, ಬರುವಾಗ ತರಬೇಕಾದ ಕುಚ್ಚಲಕ್ಕಿಯ ಮೂಟೆ ಇವೆಲ್ಲಕ್ಕೂ ಎಡೆಮಾಡಿಕೊಂಡು ಹುಬ್ಬಳ್ಳಿಗೋ ಉಡುಪಿಗೋ ಹೊರಡಬೇಕಾದಾಗ ಕಾರಿಗೆ ಸಮನಾದುದು ಬೇರೊಂದಿಲ್ಲ. ಆದುದರಿಂದಲೇ ಸಂಘದ ವಾರ್ಷಿಕೋತ್ಸವದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಾಲ್ಕು ಮಂದಿ ಕಲೆತಲ್ಲಿ, ಮಕ್ಕಳ ಅಂಕಗಳ ಪ್ರಸ್ತಾಪ ಮುಗಿದೊಡನೆ ಏಳುವ ಪ್ರಶ್ನೆ ಒಂದೇ: ‘ನಿಮ್ಮ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ?’

ಡೊಂಬಿವಲಿಯ ರಾಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಮುಖ್ಯವಲ್ಲ, ಇಂಥ ರಾಯರು ಪ್ರತಿಯೊಂದು ಹೌಸಿಂಗ್ ಸೊಸೈಟಿಯಲ್ಲಿಯೂ ಇದ್ದಾರೆ. ನಿವೃತ್ತರು, ಮಿತವ್ಯಯಿಗಳು, 2013ರಲ್ಲಿ ಕೊಂಡ ಪೆಟ್ರೋಲು ಕಾರಿನ ಒಡೆಯರು. ಪೆಟ್ರೋಲು ಹಾಕಿಸಿದ ಪ್ರತಿ ಸಲವೂ ಕಿಲೋಮೀಟರು, ಲೀಟರು, ದರಗಳನ್ನು ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದಿಡುವವರು. ಆ ಪುಸ್ತಕದ ಪ್ರಕಾರ ಲೀಟರಿಗೆ 16 ಕಿಲೋಮೀಟರು ಓಡುತ್ತಿದ್ದ ಗಾಡಿ ಕಳೆದ ಒಂದೆರಡು ವರ್ಷಗಳಲ್ಲಿ 14ಕ್ಕೆ ಇಳಿದಿದೆ. ಅವರ ಮನಸ್ಸಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಕೆಯ ಚೂರಿನಂತೆ ಬಾಧೆ ಕೊಡುತ್ತಿದೆ.

ಇಂಥ ಸಮಯದಲ್ಲಿ ಅವರ ಹೆಂಡತಿಯ ತಮ್ಮ, ಎಲ್ಲ ಹೊಸ ಸಂಗತಿಗಳನ್ನೂ ಮೊದಲು ತಿಳಿದುಕೊಳ್ಳುವವನು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿಯನ್ನು ತಂದು ಮೇಜಿನ ಮೇಲಿಡುತ್ತಾನೆ. ‘ಭಾವ, ನಿಮ್ಮ ಚಿಂತೆಗೆ ಇದು ಔಷಧ. ಸೈಲೆನ್ಸರಿನ ಕಡೆಯ ಆಕ್ಸಿಜನ್ ಸೆನ್ಸರಿನ ತಂತಿಯನ್ನು ಕತ್ತರಿಸಿ ನಡುವೆ ಇದನ್ನು ಜೋಡಿಸಿದರೆ ಸಾಕು, ಮೈಲೇಜು ಕಾಲು ಪಾಲು ಏರುತ್ತದೆ. ಮೂರೂವರೆ ಸಾವಿರ ರೂಪಾಯಿ, ನಾಲ್ಕು ತಿಂಗಳಲ್ಲಿ ವಸೂಲು.’

ಈ ಡಬ್ಬಿ ಹೊಸತೇನಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಬರುವ ಜಲಜನಕವನ್ನು ಎಂಜಿನ್ನಿಗೆ ಕುಡಿಸಿ ಪೆಟ್ರೋಲು ಉಳಿಸುತ್ತೇವೆಂದು ಹೇಳುವ ಸಾಧನಗಳ ಜತೆಗೆ ಅನೇಕ ದೇಶಗಳಲ್ಲಿ ಇದನ್ನು ಮಾರಿದ್ದಾರೆ, ಬಿಡಿಯಾಗಿಯೂ ಮಾರಿದ್ದಾರೆ. ಅದು ಮಾಡುವ ಕೆಲಸವನ್ನು ತಿಳಿಯಬೇಕಾದರೆ ಎಂಜಿನ್ನಿನ ಒಳಗಿನ ಲೆಕ್ಕಾಚಾರವನ್ನು ಸ್ವಲ್ಪ ವಿಚಾರಿಸಬೇಕು.

ಒಂದು ಲೀಟರಿಗೆ ಎಷ್ಟು ಗಾಳಿ?

ಪೆಟ್ರೋಲು ತಾನಾಗಿ ಉರಿಯದು. ಅದಕ್ಕೆ ಗಾಳಿ ಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಒಂದಿಷ್ಟೂ ಉಳಿಯದೆ, ಗಾಳಿಯಲ್ಲಿನ ಆಮ್ಲಜನಕವೂ ಒಂದಿಷ್ಟೂ ಮಿಗದೆ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾಗುತ್ತದೆ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋಗ್ರಾಮಿನಷ್ಟು ತೂಗುವುದರಿಂದ, ಲೀಟರೊಂದಕ್ಕೆ 11 ಕಿಲೋಗ್ರಾಂ, ಎಂದರೆ ಸುಮಾರು ಒಂಬತ್ತು ಘನಮೀಟರು ಗಾಳಿ ಎಂದಾಯಿತು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಅಷ್ಟೂ ಗಾಳಿಯನ್ನು ಮೂರು ಲೀಟರು ಪೆಟ್ರೋಲು ತಿಂದುಹಾಕುತ್ತದೆ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಅಂಥ ಕೋಣೆಯ ಬೆಲೆ ಗೊತ್ತಿರುತ್ತದೆ.

ಗಾಳಿ ಇದಕ್ಕಿಂತ ಕಡಮೆಯಾದರೆ ಮಿಶ್ರಣ ಗಟ್ಟಿಯಾಯಿತೆನ್ನುತ್ತಾರೆ. ಆಗ ಶಕ್ತಿ ಹೆಚ್ಚು ದೊರೆಯುತ್ತದೆಯಾದರೂ ಅರೆಬೆಂದ ಇಂಧನವು ಇಂಗಾಲದ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಯಿತು. ತುಸು ತೆಳುವಾದ ಮಿಶ್ರಣದಲ್ಲಿ ಇಂಧನದ ಒಂದೊಂದು ಹನಿಯಿಂದಲೂ ಹೆಚ್ಚು ಕೆಲಸ ಹೊರಡುವುದು ನಿಜ. ರಾಯರ ಭಾವಮೈದುನನ ಮಾತಿನಲ್ಲಿ ಸತ್ಯವಿರುವುದು ಇಷ್ಟರಮಟ್ಟಿಗೆ ಮಾತ್ರ. ಸಾಮಾನ್ಯ ಕಾರಿನ ಎಂಜಿನ್ನಿನಲ್ಲಿ ಈ ಲಾಭವು ನೂರಕ್ಕೆ ಕೆಲವೇ ಪಾಲು. ಮಿಶ್ರಣವನ್ನು ಮತ್ತಷ್ಟು ತೆಳುಮಾಡಿದರೆ ಕಿಡಿ ಹಾರಿದರೂ ಅದು ಸರಿಯಾಗಿ ಹೊತ್ತಿಕೊಳ್ಳದೆ ಎಂಜಿನ್ನು ಮುಗ್ಗರಿಸತೊಡಗುತ್ತದೆ. ಗಳಿಸಿದ್ದೆಲ್ಲ ಅಲ್ಲಿಗೆ ಕಳೆಯುತ್ತದೆ.

ಹಾಗಾದರೆ ಕಾರು ತಯಾರಿಸುವವರು ಆ ಕೆಲವು ಪಾಲನ್ನಾದರೂ ಏಕೆ ಬಿಟ್ಟುಕೊಟ್ಟರು? ಅವರೇನೂ ಜಾಣರಲ್ಲವೆ? ಈ ಪ್ರಶ್ನೆಗೆ ಉತ್ತರ ಎಂಜಿನ್ನಿನಲ್ಲಿಲ್ಲ, ಹೊಗೆಯ ಕೊಳವೆಯಲ್ಲಿದೆ.

ಮೂಗಿನ ಜಾತಕ

ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು 1943ರ ಬೇಸಗೆಯಲ್ಲಿ ಕಣ್ಣುರಿಸುವ ಮಂಜೊಂದು ಆವರಿಸಿದಾಗ, ಯುದ್ಧಕಾಲವಾದುದರಿಂದ, ಶತ್ರುಗಳು ವಿಷಾನಿಲ ಬಿಟ್ಟರೆಂದೇ ಜನ ಶಂಕಿಸಿದರು. ಕ್ಯಾಲಿಫೋರ್ನಿಯಾದ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದ ಡಚ್ ಮೂಲದ ರಸಾಯನವಿಜ್ಞಾನಿ ಆರೀ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ನಿಜವಾದ ಅಪರಾಧಿಯನ್ನು ತೋರಿಸಿಕೊಟ್ಟರು. ಮೋಟಾರುಗಳೂ ಎಣ್ಣೆಯ ಕಾರ್ಖಾನೆಗಳೂ ಬಿಡುವ ಉರಿಯದ ಇಂಧನದ ಆವಿ, ಸಾರಜನಕದ ಆಕ್ಸೈಡುಗಳು, ಇವೆರಡರ ಮೇಲೆ ಬಿಸಿಲು ಬಿದ್ದಾಗ ಓಝೋನ್ ಹುಟ್ಟುತ್ತದೆ. ಕಣ್ಣು ಗಂಟಲುಗಳನ್ನು ಉರಿಸಿದ್ದು ಅದೂ ಅದರ ಬಂಧುಗಳೂ ಎಂಬುದು ಅವರ ನಿರ್ಣಯವಾಗಿತ್ತು.

ಹೀಗೆ ಮೂರು ಮಲಿನಗಳನ್ನು ಏಕಕಾಲಕ್ಕೆ ನಿವಾರಿಸಬೇಕಾದ ಪ್ರಸಂಗ ಬಂದಿತು. ಇಂಗಾಲದ ಮಾನಾಕ್ಸೈಡಿಗೂ ಉರಿಯದ ಇಂಧನಕ್ಕೂ ಆಮ್ಲಜನಕವನ್ನು ಕೊಡಬೇಕು. ಸಾರಜನಕದ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಒಬ್ಬನ ಸಾಲವನ್ನು ಇನ್ನೊಬ್ಬನ ಠೇವಣಿಯಿಂದ ತೀರಿಸಿದಂತೆ ಈ ಕೊಡು-ಕೊಳ್ಳುವಿಕೆಯನ್ನು ಒಂದೇ ಡಬ್ಬಿಯೊಳಗೆ ನಡೆಸುವ ಸಾಧನವೇ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ಲೇಪವುಳ್ಳ ವೇಗವರ್ಧಕ. ಮೆಕ್ಯಾನಿಕರ ಬಾಯಲ್ಲಿ ‘ಕ್ಯಾಟ್’. ಆದರೆ ಇದಕ್ಕೊಂದು ಹಟವಿದೆ. ಮಿಶ್ರಣವು 14.7ರ ಆಸುಪಾಸಿನಲ್ಲಿ, ಕೂದಲೆಳೆಯಷ್ಟು ಇಕ್ಕಟ್ಟಿನ ಎಡೆಯೊಳಗೆ ಇದ್ದರೆ ಮಾತ್ರ ಅದು ಮೂರನ್ನೂ ನೂರಕ್ಕೆ ತೊಂಬತ್ತಕ್ಕೂ ಮೀರಿ ನಿವಾರಿಸುತ್ತದೆ. ಜಮೆ ಖರ್ಚುಗಳು ಸರಿಹೊಂದದಿದ್ದರೆ ಖಾತೆ ಮುರಿಯಿತು.

ಅಷ್ಟು ಸೂಕ್ಷ್ಮವಾಗಿ ಮಿಶ್ರಣವನ್ನು ಹಿಡಿದಿಡುವವರು ಯಾರು? ಹೊಗೆಯನ್ನು ಮೂಸಿ ನೋಡಿ, ಆಮ್ಲಜನಕ ಮಿಕ್ಕಿದೆಯೇ ಇಲ್ಲವೇ ಎಂದು ಕ್ಷಣಕ್ಷಣಕ್ಕೂ ವರದಿ ಮಾಡುವ ಮೂಗೊಂದು ಬೇಕಾಯಿತು. ಜರ್ಮನಿಯ ಬಾಷ್ ಕಂಪನಿಯು ಸಿದ್ಧಪಡಿಸಿದ ಈ ಮೂಗನ್ನು ಸ್ವೀಡನ್ನಿನ ವೋಲ್ವೋ ಕಂಪನಿಯು 1976ರಲ್ಲಿ ಕ್ಯಾಲಿಫೋರ್ನಿಯಾಕ್ಕಾಗಿ ತಯಾರಿಸಿದ ತನ್ನ 240 ಮಾದರಿಯ ಕಾರುಗಳಲ್ಲಿ ಮೊದಲು ಅಳವಡಿಸಿತು. ‘ಲ್ಯಾಂಬ್ಡಾ ಸೋಂಡ್’ ಎಂಬ ಹೆಸರಿನ ಫಲಕವನ್ನು ಕಾರಿನ ಮುಂಭಾಗದಲ್ಲಿಯೇ ಅಭಿಮಾನದಿಂದ ಅಂಟಿಸಿತು.

ಅದರ ರಚನೆ ಸರಳ, ತತ್ತ್ವ ಹಳೆಯದು. ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಅಂಗುಷ್ಠಾನದ ಆಕಾರದ ಒಂದು ಜಿರ್ಕೋನಿಯಾ ಪಿಂಗಾಣಿ. ಒಳಗೂ ಹೊರಗೂ ಪ್ಲಾಟಿನಮ್ಮಿನ ತೆಳು ಲೇಪ. ಹೊರಮೈ ಬಿಸಿಹೊಗೆಯಲ್ಲಿ, ಒಳಮೈ ಶುದ್ಧ ಗಾಳಿಯಲ್ಲಿ. ಸುಮಾರು 300 ಡಿಗ್ರಿ ಉಷ್ಣತೆಗೆ ಮೇಲೇರಿದಾಗ ಈ ಪಿಂಗಾಣಿಯ ಮೂಲಕ ಆಮ್ಲಜನಕದ ಅಯಾನುಗಳು ಸಂಚರಿಸಬಲ್ಲವು. ಎರಡು ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದಷ್ಟೂ ವಿದ್ಯುತ್ತಿನ ಒತ್ತಡ ಹುಟ್ಟುತ್ತದೆ. ಇದರ ಗಣಿತವನ್ನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿಯೇ ಬರೆದಿಟ್ಟಿದ್ದರು. ಅವರಿಗೆ 1920ನೆಯ ಸಾಲಿನ ನೊಬೆಲ್ ಪಾರಿತೋಷಕ ದೊರೆತುದು ಬೇರೊಂದು ಸಾಧನೆಗಾಗಿ. ಮಿಶ್ರಣ ಗಟ್ಟಿಯಾಗಿದ್ದರೆ ಈ ಮೂಗು ಸುಮಾರು 0.9 ವೋಲ್ಟ್ ಎನ್ನುತ್ತದೆ, ತೆಳುವಾಗಿದ್ದರೆ 0.1 ವೋಲ್ಟ್. ನಡುವಣ 0.45ರ ಗೆರೆ ದಾಟಿದೊಡನೆ ಕಾರಿನೊಳಗಿನ ಗಣಕವು ಪೆಟ್ರೋಲನ್ನು ತುಸು ಕಡಮೆ ಮಾಡುತ್ತದೆ. ಗೆರೆಯ ಕೆಳಗಿಳಿದರೆ ತುಸು ಹೆಚ್ಚಿಸುತ್ತದೆ. ತಕ್ಕಡಿಯ ಮುಳ್ಳಿನಂತೆ ಈ ಓಲಾಟ ಗಾಡಿ ಓಡುವಷ್ಟು ಹೊತ್ತೂ ನಡೆದೇ ಇರುತ್ತದೆ.

ಭಾರತಕ್ಕೆ ಈ ಸಂಸಾರ ಬಂದುದು ತಡವಾಗಿ. ಎಂಜಿನ್ನಿನ ಬಡಿತವನ್ನು ತಪ್ಪಿಸಲು 1921ರಲ್ಲಿ ಕಂಡುಹಿಡಿದ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸುತ್ತಿದ್ದ ಕಾಲದಲ್ಲಿ ವೇಗವರ್ಧಕ ಬದುಕುತ್ತಿರಲಿಲ್ಲ. ಸೀಸವು ಅದನ್ನು ಮುಚ್ಚಿಹಾಕುತ್ತಿತ್ತು. 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲೂ ಹೊಸ ಕಾರುಗಳಿಗೆ ವೇಗವರ್ಧಕವೂ ಬಂದವು. 2000ದ ಫೆಬ್ರವರಿಯಿಂದ ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲೇ ಆಯಿತು. 2017ರಲ್ಲಿ ಭಾರತ್ ಸ್ಟೇಜ್ 4, 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ದೇಶಾದ್ಯಂತ ಜಾರಿಗೆ ಬಂದವು. ರಾಯರ ಕಾರಿನಂಥವುಗಳಲ್ಲಿ ವೇಗವರ್ಧಕಕ್ಕೆ ಮೊದಲು ಒಂದು, ಅನಂತರ ಒಂದು, ಹೀಗೆ ಎರಡು ಮೂಗುಗಳಿವೆ. ಮೊದಲನೆಯದು ಗುಮಾಸ್ತ, ಎರಡನೆಯದು ಲೆಕ್ಕಪರಿಶೋಧಕ.

ಡಬ್ಬಿ ಹೇಳುವ ಸುಳ್ಳು

ಈಗ ಆ ಡಬ್ಬಿಯ ಕಡೆಗೆ ಹೊರಳಬಹುದು. ಮೂಗು 0.25 ವೋಲ್ಟ್ ಎಂದು ವರದಿ ಮಾಡಿದಾಗ ಡಬ್ಬಿಯು ಅದಕ್ಕೆ 0.2 ಸೇರಿಸಿ 0.45 ಎಂದು ಗಣಕಕ್ಕೆ ಒಪ್ಪಿಸುತ್ತದೆ. ಗಣಕವು ‘ಮಿಶ್ರಣ ಗಟ್ಟಿಯಾಯಿತು’ ಎಂದು ಭ್ರಮಿಸಿ ಪೆಟ್ರೋಲನ್ನು ಕಡಿತಗೊಳಿಸುತ್ತದೆ. ಎಂಜಿನ್ನು ತೆಳು ಮಿಶ್ರಣದಲ್ಲಿ ಓಡತೊಡಗುತ್ತದೆ. ಡಬ್ಬಿಯ ಮಂತ್ರವೆಲ್ಲ ಇಷ್ಟೇ. ಪ್ರಾಮಾಣಿಕ ಗುಮಾಸ್ತನು ಕಳುಹಿಸಿದ ದಾಖಲೆಯಲ್ಲಿ ದಾರಿಯಲ್ಲಿ ಯಾರೋ ಅಂಕಿ ತಿದ್ದುತ್ತಾರೆ.

ಆದರೆ ಈ ತಿದ್ದುಪಡಿಯಲ್ಲಿ ಮಾರಾಟಗಾರರು ಹೇಳದ ಒಂದು ಸೂಕ್ಷ್ಮವಿದೆ. ಈ ಬಗೆಯ ಮೂಗು ಎಷ್ಟು ಆಮ್ಲಜನಕ ಮಿಕ್ಕಿದೆಯೆಂದು ಅಳೆಯುವುದಿಲ್ಲ. ಮಿಕ್ಕಿದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಸರಿಯಾದ ಪ್ರಮಾಣದ ಬಳಿ ಅದರ ವೋಲ್ಟೇಜು ಬಾವಿಯ ಗೋಡೆಯಂತೆ ಕಡಿದಾಗಿ ಇಳಿಯುತ್ತದೆ. ಆದುದರಿಂದ 0.2 ವೋಲ್ಟ್ ಕದ್ದರೆ ಮಿಶ್ರಣ ಬದಲಾಗುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಉಳಿತಾಯ ಶೂನ್ಯಕ್ಕೆ ಸಮ. ನೂರಕ್ಕೆ ಐದರಷ್ಟಾದರೂ ತೆಳುಮಾಡಬೇಕೆಂದರೆ ಬಾವಿಯ ತಳಕ್ಕೇ ಇಳಿಯಬೇಕು. ಅಲ್ಲಿ ನೆಲ ಚಪ್ಪಟೆ. ಹೊಗೆಯ ಉಷ್ಣತೆ ಹೆಚ್ಚು ಕಡಮೆಯಾದರೂ ಸಾಕು, ವರದಿ ಅತ್ತಿತ್ತ ಜಾರುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ತಿರುಪನ್ನು ಸ್ವಲ್ಪ ತಿರುಗಿಸಿದರೆ ಏನೂ ಆಗದು, ಇನ್ನೂ ಸ್ವಲ್ಪ ತಿರುಗಿಸಿದರೆ ಏನಾಗುವುದೆಂದು ಹೇಳಲಾಗದು. ಹೊಸ ಕಾರುಗಳಲ್ಲಿ ಅನೇಕವಕ್ಕೆ ವೋಲ್ಟೇಜಿನ ಬದಲು ವಿದ್ಯುತ್ ಪ್ರವಾಹದಿಂದ ಪ್ರಮಾಣವನ್ನೇ ಅಳೆಯುವ ಬೇರೆ ಬಗೆಯ ಮೂಗನ್ನು ಅಳವಡಿಸಿದ್ದಾರೆ. ಅವುಗಳ ಮುಂದೆ ಈ ಡಬ್ಬಿಯ ಆಟ ನಡೆಯದು.

ಗಣಕವೂ ದಡ್ಡನಲ್ಲ. ದಿನದಿನದ ತಿದ್ದುಪಡಿಗಳನ್ನು ಅದು ನೆನಪಿನಲ್ಲಿಟ್ಟುಕೊಂಡು ಮೂಲ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ. ತಿದ್ದುಪಡಿ ಮಿತಿಮೀರಿದರೆ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪವನ್ನು ಹೊತ್ತಿಸುತ್ತದೆ. ವಿಪರ್ಯಾಸವೆಂದರೆ, ಗ್ಯಾರೇಜಿನಲ್ಲಿ ಉಪಕರಣ ಜೋಡಿಸಿ ನೋಡಿದರೆ ದೋಷದ ಸಂಕೇತ ‘ಮಿಶ್ರಣ ಅತಿ ಗಟ್ಟಿ’ ಎಂದು ಓದುತ್ತದೆ. ಎಂಜಿನ್ನು ನಿಜವಾಗಿ ಹಸಿದು ಓಡುತ್ತಿರುತ್ತದೆ. ಡಬ್ಬಿಯ ವಿಷಯ ತಿಳಿಯದ ಮೆಕ್ಯಾನಿಕನು ಅದನ್ನು ಇನ್ನಷ್ಟು ಹಸಿವಿಗೆ ದೂಡಿಯಾನು.

ಇನ್ನೊಂದು ಅಪಾಯ ಘಾಟಿಯಲ್ಲಿ ಕಾದಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಇಂಥ ಕಾರುಗಳ ಗಣಕ ಮೂಗಿನ ಮಾತು ಕೇಳುವುದನ್ನು ನಿಲ್ಲಿಸಿ, ತನ್ನ ಕಂಠಪಾಠದಂತೆ ಗಟ್ಟಿ ಮಿಶ್ರಣ ಕೊಡುತ್ತದೆ. ಹೆಚ್ಚಿನ ಪೆಟ್ರೋಲಿನ ಆವಿಯೇ ಆಗ ಎಂಜಿನ್ನನ್ನು ತಣಿಸುವ ನೀರು. ಆದರೆ ಸುಳ್ಳು ವರದಿಯಿಂದ ಕಲಿತ ಪಾಠ ಆ ಕಂಠಪಾಠದಲ್ಲಿಯೂ ಸೇರಿಕೊಂಡಿರಬಹುದು. ಆರು ಮಂದಿ, ಮೂಟೆಗಳು, ಏಪ್ರಿಲ್ ಬಿಸಿಲು, ಖಂಡಾಳಾ ಅಥವಾ ಶಿರಾಡಿ ಘಾಟಿಯ ಏರು: ಆ ಹೊತ್ತಿನಲ್ಲಿ ಪೆಟ್ರೋಲು ಕಡಮೆಯಾದರೆ ಎಂಜಿನ್ನು ಬಡಿಯುತ್ತದೆ, ಹೊಗೆಯ ಕವಾಟಗಳು ಕಾಯುತ್ತವೆ. ಮಿಶ್ರಣ ಹೊತ್ತಿಕೊಳ್ಳದೆ ಹಾಗೆಯೇ ಹೊರಗೆ ಹೋದರೆ ವೇಗವರ್ಧಕದೊಳಗೆ ಹೊತ್ತಿಕೊಂಡು ಅದರ ಗೂಡನ್ನು ಕರಗಿಸಿಬಿಡಲೂಬಹುದು.

ಉಸಿರಿನ ಖಾತೆ

ಇಷ್ಟೆಲ್ಲ ಯಂತ್ರದ ನಷ್ಟ. ರಾಯರ ಮನೆಯಲ್ಲಿ ಇದಕ್ಕಿಂತ ದೊಡ್ಡ ಖಾತೆಯೊಂದಿದೆ. ಅವರ ಏಳು ವರ್ಷದ ಮೊಮ್ಮಗಳಿಗೆ ಉಬ್ಬಸ. ಚಳಿಗಾಲ ಬಂತೆಂದರೆ ಶಾಲೆಯ ಚೀಲದಲ್ಲಿ ನೀರಿನ ಬಾಟಲಿಯ ಜತೆಗೆ ಇನ್ಹೇಲರ್ ಕೂಡ ಹೋಗುತ್ತದೆ. ಅವರ ಫ್ಲ್ಯಾಟು ಮೊದಲನೆಯ ಮಹಡಿಯಲ್ಲಿ. ಕೆಳಗೆ ಕಂಬಗಳ ನಡುವೆ ಸೊಸೈಟಿಯ ಕಾರುಗಳು ನಿಲ್ಲುತ್ತವೆ. ಬೆಳಗ್ಗೆ ಎಂಟಕ್ಕೆ ಹತ್ತಾರು ಎಂಜಿನ್ನುಗಳು ಒಮ್ಮೆಗೇ ಹೊರಡುವಾಗ ಅವುಗಳ ಉಸಿರು ಕಿಟಕಿಯ ಮೂಲಕ ಒಳಕ್ಕೆ ಬರುತ್ತದೆ. ದೆಹಲಿಯ ಕನ್ನಡಿಗರಿಗಂತೂ ನವೆಂಬರಿನ ಗಾಳಿಯ ವಿಷಯ ಹೇಳಬೇಕಾಗಿಲ್ಲ.

ಉರಿಯುವ ತಾಪ ಅತಿ ಹೆಚ್ಚಾದಾಗ ಗಾಳಿಯಲ್ಲಿರುವ ನಿರುಪದ್ರವಿ ಸಾರಜನಕವು ಆಮ್ಲಜನಕದೊಡನೆ ಕೂಡಿ ಆಕ್ಸೈಡಾಗುತ್ತದೆ. ಇದು ಅತ್ಯಧಿಕವಾಗುವುದು ಎಂಥ ಮಿಶ್ರಣದಲ್ಲಿ? ನೂರಕ್ಕೆ ಐದರಿಂದ ಹತ್ತರಷ್ಟು ತೆಳುವಾದ ಮಿಶ್ರಣದಲ್ಲಿ, ಎಂದರೆ ಡಬ್ಬಿಯವನು ಕೊಂಡೊಯ್ಯಲೆಳಸುವ ಅದೇ ಜಾಗದಲ್ಲಿ. ಅದೇ ಜಾಗದಲ್ಲಿ ವೇಗವರ್ಧಕವೂ ಕೈಚೆಲ್ಲುತ್ತದೆ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುವಾಗ ಮಾನಾಕ್ಸೈಡ್ ಅದನ್ನು ಸುಲಭವಾಗಿ ಪಡೆದುಕೊಳ್ಳುತ್ತದೆ. ಸಾರಜನಕದ ಆಕ್ಸೈಡಿನಿಂದ ಕಿತ್ತುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಹುಟ್ಟುವಳಿ ಹೆಚ್ಚು, ನಿವಾರಣೆ ಕಡಮೆ. ಎರಡೂ ಒಂದೇ ಕಡೆಗೆ ಕೂಡುತ್ತವೆ.

ಸಾರಜನಕದ ಡೈಆಕ್ಸೈಡು ಶ್ವಾಸನಾಳಗಳನ್ನು ಕೆರಳಿಸುತ್ತದೆ, ಉಬ್ಬಸವನ್ನು ಉಲ್ಬಣಗೊಳಿಸುತ್ತದೆ. ಬಿಸಿಲಿನಲ್ಲಿ ಓಝೋನಿಗೂ, ಚಳಿಯಲ್ಲಿ ನೈಟ್ರೇಟಿನ ಸೂಕ್ಷ್ಮ ಕಣಗಳಿಗೂ ಅದೇ ತಾಯಿ. ಭಾರತದ ಮಾನದಂಡದ ಪ್ರಕಾರ ವಾಸದ ಪ್ರದೇಶಗಳಲ್ಲಿ ಇದರ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತನ್ನ ಸಲಹೆಯ ಮಿತಿಯನ್ನು 40ರಿಂದ 10ಕ್ಕೆ ಇಳಿಸಿತು. ಮಾನಾಕ್ಸೈಡಿನ ಅಪಾಯ ಹೆಚ್ಚು ಜನಕ್ಕೆ ತಿಳಿದಿದೆ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನು ಓಡಿಸಬಾರದೆಂಬುದು ಇದಕ್ಕಾಗಿಯೇ. ಆದರೆ ಬಣ್ಣವಿರಲಿ ಇಲ್ಲದಿರಲಿ, ಸಾರಜನಕದ ಆಕ್ಸೈಡನ್ನು ಕೇಳುವವರು ಕಡಮೆ. ನಮ್ಮ ಪಿ.ಯು.ಸಿ. ಪರೀಕ್ಷೆಯಲ್ಲಿಯೂ ಪೆಟ್ರೋಲು ಕಾರಿಗೆ ಮಾನಾಕ್ಸೈಡನ್ನೂ ಉರಿಯದ ಇಂಧನವನ್ನೂ ಅಳೆಯುತ್ತಾರೆಯೇ ಹೊರತು ಇದನ್ನು ಅಳೆಯುವುದಿಲ್ಲ. ಆದುದರಿಂದ ಡಬ್ಬಿ ಜೋಡಿಸಿದ ಕಾರಿನ ಮಾನಾಕ್ಸೈಡಿನ ಅಂಕಿಯು ಮೊದಲಿಗಿಂತ ಚೆನ್ನಾಗಿಯೇ ಕಂಡೀತು! ಭಾರತ್ ಸ್ಟೇಜ್ 4 ಮತ್ತು ಅನಂತರದ ಕಾರುಗಳಿಗೆ ಎಂಜಿನ್ನನ್ನು ವೇಗವಾಗಿ ತಿರುಗಿಸಿ ಗಾಳಿ-ಇಂಧನದ ಪ್ರಮಾಣ ನೂರಕ್ಕೆ ಮೂರರ ಅಂತರದೊಳಗಿದೆಯೇ ಎಂದು ನೋಡಬೇಕೆಂಬ ನಿಯಮವೇನೋ ಇದೆ. ಶ್ರದ್ಧೆಯಿಂದ ನೋಡಿದರೆ ಕಳ್ಳತನ ಅಲ್ಲಿ ಸಿಕ್ಕಿಬೀಳುತ್ತದೆ. ಪೆಟ್ರೋಲು ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನ ಶ್ರದ್ಧೆ ಎಷ್ಟೆಂಬುದನ್ನು ಪ್ರತಿಯೊಬ್ಬ ಕಾರಿನ ಒಡೆಯನೂ ಬಲ್ಲ.

ದೊಡ್ಡವರು ಮಾಡಿದ್ದು

ತೆಳು ಮಿಶ್ರಣದಿಂದ ಮೈಲೇಜು ಪಡೆಯುವ ಸನ್ಮಾರ್ಗವಿಲ್ಲವೆಂದಲ್ಲ. ಜಪಾನಿನ ಹೋಂಡಾ ಕಂಪನಿಯು 1992ರ ಸಿವಿಕ್ ವಿಎಕ್ಸ್ ಕಾರಿನಲ್ಲಿ ಅದನ್ನು ಸಾಧಿಸಿತು. ಆದರೆ ಅದಕ್ಕಾಗಿ ಕವಾಟಗಳ ಚಲನೆಯನ್ನೂ ಗಾಳಿಯ ಸುಳಿಯನ್ನೂ ಹೊಸದಾಗಿ ರೂಪಿಸಿ, ಪ್ರಮಾಣವನ್ನೇ ಅಳೆಯಬಲ್ಲ ಮೂಗನ್ನು ಇಟ್ಟಿತು. ಆಗಲೂ ಸಾರಜನಕದ ಆಕ್ಸೈಡಿನ ನಿಯಮ ಕಟ್ಟುನಿಟ್ಟಾಗಿದ್ದ ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಕಾರುಗಳಿಗೆ ಈ ಸೌಲಭ್ಯವನ್ನು ಕೊಡಲಿಲ್ಲ; ಅವುಗಳ ಮೈಲೇಜೂ ತುಸು ಕಡಮೆಯೇ ಇತ್ತು.

ಸುಳ್ಳಿನ ಮಾರ್ಗ ಹಿಡಿದ ದೊಡ್ಡವರೂ ಇದ್ದಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು ತನ್ನ ಡೀಸೆಲ್ ಕಾರುಗಳ ಗಣಕದಲ್ಲಿ, ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದಾಗ ಮಾತ್ರ ಹೊಗೆಯನ್ನು ಶುದ್ಧಿಗೊಳಿಸುವ ಗುಪ್ತಕ್ರಮವನ್ನು ಅಡಗಿಸಿಟ್ಟಿತ್ತು. ಇದರ ಸುಳಿವು ಸಿಕ್ಕಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣದೊಂದು ತಂಡಕ್ಕೆ. ಅಳೆಯುವ ಉಪಕರಣಗಳನ್ನು ಕಾರಿನ ಹಿಂಭಾಗದಲ್ಲಿ ಹೇರಿಕೊಂಡು ಅವರು ನಿಜವಾದ ರಸ್ತೆಗಳಲ್ಲಿಯೇ ಓಡಿಸಿ ನೋಡಿದರು. ಒಂದು ಕಾರು ನಿಯಮದ ಮಿತಿಗಿಂತ 15ರಿಂದ 35 ಪಟ್ಟು, ಇನ್ನೊಂದು 5ರಿಂದ 20 ಪಟ್ಟು ಸಾರಜನಕದ ಆಕ್ಸೈಡನ್ನು ಉಗುಳುತ್ತಿತ್ತು. ಆ ತಂಡದಲ್ಲಿ ಅರವಿಂದ್ ತಿರುವೆಂಗಡಂ ಅವರೊಡನೆ ಬೆಂಗಳೂರಿನವರಾದ ಹೇಮಂತ್ ಕಪ್ಪಣ್ಣ ಅವರೂ ಇದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ನೋಟೀಸು ನೀಡಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಕ್ರಮ ಅಡಗಿತ್ತೆಂದು ಕಂಪನಿಯೇ ಒಪ್ಪಿತು.

ಅದೇ ಸಂಸ್ಥೆಯು ಪೆಟ್ರೋಲು ಉಳಿಸುವುದೆಂದು ಹೇಳಲಾದ ನೂರಕ್ಕೂ ಮೇಲ್ಪಟ್ಟು ಸಾಧನಗಳನ್ನು ವರ್ಷಗಳ ಕಾಲ ಪರಿಶೀಲಿಸಿದೆ. ಗಣನೀಯವಾಗಿ ಮೈಲೇಜು ಏರಿಸಿದ್ದು ಒಂದೂ ಇಲ್ಲ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸುವ ಒಡೆಯನಿಗೆ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಇವೆ. ವಾಯುಮಾಲಿನ್ಯದ ನಿಯಮ ಮುರಿದರೆ ದಂಡ 10,000 ರೂಪಾಯಿಯವರೆಗೆ.

ರಾಯರ ನೋಟುಪುಸ್ತಕ

ರಾಯರು ಪೆನ್ನು ತೆಗೆದು ಲೆಕ್ಕಕ್ಕೆ ಕೂರುತ್ತಾರೆ. ವರ್ಷಕ್ಕೆ 8,400 ಕಿಲೋಮೀಟರು. ಲೀಟರಿಗೆ 14ರಂತೆ 600 ಲೀಟರು. ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ ನೂರು ರೂಪಾಯಿ ಹಿಡಿದರೆ 60,000 ರೂಪಾಯಿ. ಭಾವಮೈದುನ ಹೇಳಿದ ಕಾಲು ಪಾಲಿನ ಏರಿಕೆ ನಿಜವೇ ಆದರೂ ವರ್ಷದ ಉಳಿತಾಯ 12,000 ರೂಪಾಯಿ. ನಿಜವಾಗಿ ಸಿಗಬಹುದಾದ ನೂರಕ್ಕೆ ಮೂರರಂತೆ ಹಿಡಿದರೆ 18 ಲೀಟರು, 1,800 ರೂಪಾಯಿ. ಡಬ್ಬಿಯ ಬೆಲೆ ಹುಟ್ಟಲು ಎರಡು ವರ್ಷ. ವೇಗವರ್ಧಕ ಕೆಟ್ಟರೆ ಹತ್ತಾರು ಸಾವಿರ. ಮೊಮ್ಮಗಳ ಕೆಮ್ಮಿಗೆ ಯಾವ ಕಾಲಮ್ಮಿನಲ್ಲಿ ಅಂಕಿ ಬರೆಯಬೇಕೆಂದು ಅವರಿಗೆ ಹೊಳೆಯುವುದಿಲ್ಲ.

ಆದರೆ 16 ಇದ್ದದ್ದು 14 ಆದದ್ದೇಕೆ? ಪ್ರಶ್ನೆ ನ್ಯಾಯವಾದುದೇ. ಒಂದು ಕಾರಣ ಪೆಟ್ರೋಲಿನಲ್ಲಿಯೇ ಇದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥೆನಾಲ್ ಸೇರಿತು. ಅದರಲ್ಲಿ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಪಾಲೂ ಇದೆ. ಇಥೆನಾಲಿನಲ್ಲಿ ಲೀಟರೊಂದಕ್ಕೆ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರ ಶಕ್ತಿಯಿರುವುದರಿಂದ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ನೂರಕ್ಕೆ ಆರೇಳರಷ್ಟು, ಮೊದಲೇ ಇದ್ದ ನೂರಕ್ಕೆ ಹತ್ತರ ಮಿಶ್ರಣಕ್ಕೆ ಹೋಲಿಸಿದರೆ ಅದರ ಅರ್ಧದಷ್ಟು ಇಳಿತ ಸಹಜ. ಇಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ಬರುವುದರಿಂದ ಅದಕ್ಕೆ ಗಾಳಿ ಕಡಮೆ ಸಾಕು. ಈ ಪೆಟ್ರೋಲಿಗೆ ಸರಿಯಾದ ಪ್ರಮಾಣ 14.7 ಅಲ್ಲ, ಸುಮಾರು 13.5. ಯಾರೂ ಹೇಳಿಕೊಡದೆ ಈ ವ್ಯತ್ಯಾಸವನ್ನು ಹೊಗೆಯಲ್ಲಿ ಮೂಸಿ ತಿಳಿದು ಗಣಕಕ್ಕೆ ತಿಳಿಸಿ ಹೊಂದಿಸಿಕೊಂಡದ್ದು ಅದೇ ಮೂಗು. ಅಂಥ ಸಮಯದಲ್ಲಿಯೇ ಅದರ ಬಾಯಿ ಮುಚ್ಚಿಸುವ ಯೋಚನೆ ಎಷ್ಟರ ಮಟ್ಟಿಗೆ ಜಾಣತನವೆಂಬುದನ್ನು ಓದುಗರೇ ತೂಗಿ ನೋಡಬಹುದು.

ಆದರೂ ಇಥೆನಾಲ್ ಇಡೀ ಇಳಿತಕ್ಕೆ ಹೊಣೆಯಲ್ಲ. 16ರಿಂದ 14ಕ್ಕೆಂದರೆ ನೂರಕ್ಕೆ ಹನ್ನೆರಡೂವರೆ. ಉಳಿದ ಪಾಲನ್ನು ಬೇರೆಡೆ ಹುಡುಕಬೇಕು. ಮೂಗೂ ಮುದಿಯಾಗುತ್ತದೆ. ಮಸಿ ಕಟ್ಟಿ, ಎಣ್ಣೆಯ ಹೊಗೆ ಕುಡಿದು ನಿಧಾನವಾಗುತ್ತದೆ. ವೋಲ್ಟೇಜು ಕುಗ್ಗಿ, ಮಿಶ್ರಣ ಸರಿಯಾಗಿದ್ದಾಗಲೂ ‘ತೆಳುವಾಗಿದೆ, ತೆಳುವಾಗಿದೆ’ ಎಂದು ಗೊಣಗುತ್ತದೆ. ಗಣಕ ಅದನ್ನು ನಂಬಿ ಪೆಟ್ರೋಲನ್ನು ಸುರಿಯುತ್ತದೆ. ಕೆಟ್ಟ ಮೂಗನ್ನು ಬದಲಾಯಿಸಿದರೆ ಕೆಲವು ಗಾಡಿಗಳಲ್ಲಿ ಮೈಲೇಜು ನೂರಕ್ಕೆ ನಲವತ್ತರವರೆಗೂ ಸುಧಾರಿಸಬಹುದೆಂದು ಅಮೆರಿಕದ ಸರಕಾರವೇ ಕಾರಿನ ಒಡೆಯರಿಗೆ ತಿಳಿಸುತ್ತದೆ. ಡಬ್ಬಿಯವನು ಕೊಡಲಾರದ ಲಾಭ ಇಲ್ಲಿದೆ. ಅದೂ ನಿಜ ಹೇಳುವುದರಿಂದ. ಅದರ ಜತೆಗೆ ಚಕ್ರಗಳ ಗಾಳಿ, ಕೊಳೆ ಕಟ್ಟಿದ ಏರ್ ಫಿಲ್ಟರು, ಸವೆದ ಸ್ಪಾರ್ಕ್ ಪ್ಲಗ್ಗು, ಅಂಟಿಕೊಂಡ ಬ್ರೇಕು, ವರ್ಷವಿಡೀ ಡಿಕ್ಕಿಯಲ್ಲಿ ಪ್ರಯಾಣ ಮಾಡುವ ಹಳೆಯ ಪುಸ್ತಕಗಳ ಗಂಟು.

ರಾಯರು ಕಾರನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಹುಡುಗನು ಸ್ಟಿಯರಿಂಗಿನ ಕೆಳಗೆ ಉಪಕರಣವನ್ನು ಸಿಕ್ಕಿಸಿ ಎಂಜಿನ್ನು ಬಿಸಿಯಾಗುವವರೆಗೆ ಕಾಯುತ್ತಾನೆ. ಮೊದಲ ಮೂಗಿನ ಅಂಕಿ ಮೇಲೆ ಕೆಳಗೆ ಆಡಬೇಕಾದದ್ದು ಬಿಸಿಲಿನಲ್ಲಿ ಬಿದ್ದ ಹಲ್ಲಿಯಂತೆ ಕೆಳಗೇ ತೆವಳುತ್ತದೆ. ಗಣಕ ಪೆಟ್ರೋಲನ್ನು ನೂರಕ್ಕೆ ಹನ್ನೊಂದರಷ್ಟು ಹೆಚ್ಚಿಗೆ ಕೊಡುತ್ತಿದೆ. ಗಾಳಿ ಎಲ್ಲಿಯೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಹೊಸ ಮೂಗು ಹಾಕುತ್ತಾರೆ. ಮೂರು ಚಕ್ರಗಳಲ್ಲಿ ಗಾಳಿ ಕಡಮೆ ಇರುತ್ತದೆ, ನಾಲ್ಕನೆಯದರಲ್ಲಿ ಮೊಳೆ.

ಮೇ ತಿಂಗಳ ಮೊದಲ ವಾರ ಉಡುಪಿಗೆ ಹೋಗಿ ಬಂದ ಮೇಲೆ ನೋಟುಪುಸ್ತಕದಲ್ಲಿ 15.3 ಎಂಬ ಅಂಕಿ ಬೀಳುತ್ತದೆ. ಇಥೆನಾಲಿನ ಪಾಲನ್ನು ಕಳೆದು ರಾಯರು ಅದನ್ನು ಒಪ್ಪಿಕೊಳ್ಳುತ್ತಾರೆ. ಭಾವಮೈದುನನು ಡಬ್ಬಿಯನ್ನು ಹಿಂದಕ್ಕೆ ಕೊಡಲು ಅಂಗಡಿಗೆ ಹೋದಾಗ ಅಂಗಡಿಯವನು, ಪೊಟ್ಟಣ ಒಡೆದಿದೆಯಾದ್ದರಿಂದ ಅರ್ಧ ಹಣವಷ್ಟೇ ವಾಪಸು ಎನ್ನುತ್ತಾನೆ.